ನೂರಾ ಮೂವತ್ತೇಳು ತೊಗರಿಗಳು

ಸಿಂದಗಿಯ ಗೋದಾಮಿನ ಬಾಗಿಲಲ್ಲಿ ತಬ್ರೇಜ ಲ್ಯಾಪ್‌ಟಾಪ್ ಬ್ಯಾಗನ್ನು ಹೆಗಲಿಗೇರಿಸಿಕೊಂಡು ನಿಂತಾಗ, ಒಳಗಿದ್ದ ಹುಡುಗಿ ಬನ್ನಿ ಅನ್ನಲಿಲ್ಲ, ಕುರ್ಚಿ ತೋರಿಸಲಿಲ್ಲ. ಕೈಯಲ್ಲಿದ್ದ ಮೊಬೈಲನ್ನು ಎತ್ತಿ ನೇರವಾಗಿ ಅವನ ಮುಖಕ್ಕೆ ಹಿಡಿದಳು.

“ಇದನ್ನ ಬರದಾವ್ರು ನೀವ ಏನ್ರಿ?”

ಅವನೇ ಬರೆದದ್ದು. ಡೋಣಿ ದಾಲ್ ಕಂಪನಿಯ ನಾಲ್ಕೂ ಊರಿನವರಿದ್ದ ವಾಟ್ಸಾಪ್ ಗುಂಪಿನಲ್ಲಿ ಹಿಂದಿನ ಸಂಜೆ ಹಾಕಿದ್ದ. ‘ಸಿಂದಗಿಯ ಡೇಟಾ ಎಲ್ಲಕ್ಕಿಂತ ಹೊಲಸು. ಒಂದೇ ತೊಗರಿಗೆ ನೂರಾ ಮೂವತ್ತೇಳು ಹೆಸರು! ಎಲ್ಲ ಒರೆಸಿ ಮೂರು ಮಾಡಿದ್ದೇನೆ.’ ಕೊನೆಗೊಂದು ನಗುವ ಮುಖ.

“ಹೌದ್ರಿ. ಡೇಟಾ ಕ್ಲೀನಿಂಗ್ ಅಂದ್ರ...”

“ಡೇಟಾ ಕ್ಲೀನಿಂಗ್ ಅಂದ್ರೇನಂತ ನನಗೂ ಗೊತ್ತೈತ್ರಿ. ನಗೂ ಮಾರಿ ಯಾಕ ಹಾಕಿದ್ರಿ? ಅದನ್ನ ಕೇಳಾಕತ್ತೇನಿ.”

ತಬ್ರೇಜನ ಹತ್ತಿರ ಎಲ್ಲ ಪ್ರಶ್ನೆಗೂ ಒಂದು ಸ್ಲೈಡ್ ಇರುತ್ತಿತ್ತು. ಇದಕ್ಕೆ ಇರಲಿಲ್ಲ. ಅವನು ಅವಳ ಕಣ್ಣು ನೋಡಿದ, ಕೂಡಲೇ ತನ್ನ ಚಪ್ಪಲಿ ನೋಡಿಕೊಂಡ. ಕೋಪದ ಆ ಕಣ್ಣುಗಳ ಮೂಲೆಯಲ್ಲಿ ಒಂಚೂರು ನಗು ಅವಿತಿತ್ತೋ ಇಲ್ಲವೋ ಎಂದು ಅವನು ಮುಂದೆ ಮೂರು ದಿನ ಯೋಚಿಸಿದ.

ಕಂಪನಿ ವೆಂಕಟೇಶ ದೇಸಾಯರದು. ಇಂಡಿ, ಸಿಂದಗಿ, ಮುದ್ದೇಬಿಹಾಳದಲ್ಲಿ ಒಂದೊಂದು ಗೋದಾಮು, ಬಸವನ ಬಾಗೇವಾಡಿಯಲ್ಲಿ ತೊಗರಿ ಒಡೆದು ಬೇಳೆ ಮಾಡುವ ಮಿಲ್ಲು. ಹದಿನಾರು ವರ್ಷದ ಹಳೆಯ ಸಾಫ್ಟ್‌ವೇರ್ ಮುದಿ ಎತ್ತಿನಂತೆ ನಡುದಾರಿಯಲ್ಲಿ ಕುಳಿತುಬಿಡುತ್ತಿತ್ತು. ಅದಕ್ಕೇ ಖರೀದಿ, ಗೋದಾಮು, ಮಿಲ್ಲು, ಮಾರಾಟ ಎಲ್ಲವನ್ನೂ ಒಂದೇ ಕಡೆ ಕೂಡಿಸುವ ಹೊಸ ಇಆರ್‌ಪಿ ತರುವುದೆಂದಾಯಿತು. ಹಳೆಯದರಿಂದ ಹೊಸದಕ್ಕೆ ಏನನ್ನು ಒಯ್ಯಬೇಕು, ಏನನ್ನು ಬಿಡಬೇಕು, ಯಾವ ದಿನ ಯಾವ ಕೆಲಸ ಎಂಬ ಯೋಜನೆ ಹಾಕಲು ವಿಜಯಪುರದಿಂದ ಬಂದವನು ತಬ್ರೇಜ. ಜನವರಿಯ ಮೊದಲ ಸೋಮವಾರ ಹಳೆಯದು ಬಂದ್, ಹೊಸದು ಚಾಲು. ಹೊಸದರೊಳಗೆ ಹೋಗದೆ ಉಳಿದದ್ದು ಆಮೇಲೆ ಕಂಪನಿಯ ಪಾಲಿಗೆ ಇಲ್ಲವೇ ಇಲ್ಲ.

ಹುಡುಗಿಯ ಹೆಸರು ನಸ್ರೀನ. ಸಿಂದಗಿ ಗೋದಾಮು ಅವಳ ಕೈಯಲ್ಲಿತ್ತು.

“ಬ್ಯಾಗಿನ್ಯಾಗ ಏನೈತ್ರಿ?” ಎಂದಳು.

“ಸ್ಯಾಂಪಲ್ ಪಾಕೀಟು. ನಾಕೂ ತಾಲೂಕಿನ ತೊಗರಿ. ಲೇಬಲ್ ಹಚ್ಚಿ ನೋಡಾಕ ತಂದೀನಿ.”

“ಯಾವುದಾದ್ರೂ ಮೂರು ಒಡೀರಿ. ಹೆಸರ ತೋರಿಸಬ್ಯಾಡ್ರಿ.”

ಅವಳು ಗೋಡೆಯ ಕಡೆ ಮುಖ ಮಾಡಿ, ಹಿಂದಕ್ಕೆ ಅಂಗೈ ಚಾಚಿದಳು. ತಬ್ರೇಜ ಮೊದಲ ಪಾಕೀಟಿನಿಂದ ನಾಲ್ಕು ಕಾಳು ಹಾಕಿದ. ಅವಳು ಒಂದನ್ನು ಬಾಯಿಗಿಟ್ಟು ಕಡಿದಳು. ಕಟ್ ಎಂದಿತು.

“ದೇವರ ಹಿಪ್ಪರಗಿ. ಹೊಲದಾಗ ಕಲ್ಲು ಜಾಸ್ತಿ ಐತಿ.”

ಎರಡನೆಯದು. ಸದ್ದೇ ಬರಲಿಲ್ಲ. “ಮುಳವಾಡ. ಕಾಲುವಿ ನೀರು ಕುಡದದ್ದು.”

ಮೂರನೆಯದನ್ನು ಕಡಿದು, ಇನ್ನೊಂದು ಕಾಳನ್ನೂ ಕಡಿದಳು. “ಲಚ್ಯಾಣ. ಆದ್ರ ಮೊದಲನೇ ರಾಶಿದಲ್ರಿ, ಕಡೀ ರಾಶಿದು.”

ತಬ್ರೇಜ ಪಾಕೀಟು ತಿರುಗಿಸಿ ಲೇಬಲ್ಲು ಓದಿದ. ಮೂರೂ ಸರಿ. ರಾಶಿಯ ದಿನಾಂಕವೂ ಸರಿ. ಇಂಜಿನಿಯರಿಂಗ್ ಓದಿ, ಏಳು ವರ್ಷ ಹನ್ನೊಂದು ಕಂಪನಿಗಳ ಕೆಲಸ ನೋಡಿದ ಮನುಷ್ಯ ಗೋದಾಮಿನ ನಡುವೆ ಬಾಯಿ ತೆರೆದುಕೊಂಡು ನಿಂತುಬಿಟ್ಟ. ಅವಳು ತಿರುಗಿ, ಆ ತೆರೆದ ಬಾಯಿ ನೋಡಿ, ಮೊದಲ ಸಲ ನಕ್ಕಳು.

“ಈಗ ಹಾಕ್ರಿ ನಗೂ ಮಾರಿ.”

ಆಮೇಲೆ ಚಹಾ ಬಂತು, ಕುರ್ಚಿಯೂ ಬಂತು. ವಿಷಯ ಇಷ್ಟು. ಬೇಳೆ ಒಡೆಯುವ ಮೊದಲು ತೊಗರಿಗೆ ನೀರು ಕುಡಿಸಿ ಒಣಗಿಸಬೇಕು. ಗಟ್ಟಿ ಕಾಳಿಗೆ ಹೆಚ್ಚು ನೀರು, ಮೆತ್ತನೆಯದಕ್ಕೆ ಕಡಿಮೆ. ಹೆಚ್ಚುಕಡಿಮೆಯಾದರೆ ಬೇಳೆಯಲ್ಲ, ನುಚ್ಚು. ಬಾಗೇವಾಡಿಯ ಮಿಲ್ಲಿನ ಮೇಸ್ತ್ರಿ ಧೂಳಪ್ಪನಿಗೆ ಅಕ್ಷರ ಬಾರದು. ಹಾಗಾಗಿ ನಸ್ರೀನಳ ತಂದೆ ಖಾಜಾಸಾಬ ಮೂವತ್ತು ವರ್ಷದ ಹಿಂದೆ ಒಂದು ಪದ್ಧತಿ ಹಾಕಿದ್ದರು. ಕಾಳು ಕಡಿದು ನೋಡುವುದು, ಚೀಲದ ಬಾಯಿ ಹೊಲಿದ ದಾರದ ತುದಿಗೆ ಒಂದರಿಂದ ಐದು ಗಂಟು ಹಾಕುವುದು, ಕಾಳು ಗಟ್ಟಿಯಾದಷ್ಟೂ ಗಂಟು ಹೆಚ್ಚು. ಧೂಳಪ್ಪ ಗಂಟು ಮುಟ್ಟಿ ನೋಡಿ ನೀರು ಬಿಡುತ್ತಿದ್ದ. ಇಂಡಿ, ಮುದ್ದೇಬಿಹಾಳದ ಗೋದಾಮಿನವರು ಮುಷ್ಟಿ ತೊಗರಿಯನ್ನು ಬಸ್ಸಿನಲ್ಲಿ ಸಿಂದಗಿಗೆ ಕಳಿಸುತ್ತಿದ್ದರು. ಇಲ್ಲಿಂದ ಫೋನಿನಲ್ಲಿ ಎಷ್ಟು ಗಂಟು ಎಂಬ ಉತ್ತರ ಹೋಗುತ್ತಿತ್ತು.

“ಅಪ್ಪನ ಹಲ್ಲು ಹೋದ್ವು, ಕೆಲಸ ನನಗ ಬಂತು,” ಎಂದಳು ನಸ್ರೀನ. “ನೀವು ಒರಸಿದ ನೂರಾ ಮೂವತ್ತೇಳು ಹೆಸರು ಅವ ರೀ. ಊರು, ಮಣ್ಣು. ಯಾವುದಕ್ಕ ಎಷ್ಟು ಗಂಟು ಅನ್ನೂದು ನನ್ನ ತಲ್ಯಾಗೈತಿ.”

ತಬ್ರೇಜ ಮನಸಾರೆ ಬೆರಗಾದ. ಆದರೆ ಗಂಡಸಿನ ಬೆರಗು ಒಂದು ವಿಚಿತ್ರ ವಸ್ತು. ಅವಳನ್ನು ದಾರಿಯುದ್ದಕ್ಕೂ ನೆನೆದ, ಅವಳು ಹೇಳಿದ್ದನ್ನು ಮಾತ್ರ ಪಟ್ಟಿಯಲ್ಲಿ ತಿದ್ದಲಿಲ್ಲ. ಅದೊಂದು ಅದ್ಭುತ ಅಂದುಕೊಂಡನೇ ಹೊರತು ಅದು ಕಂಪನಿಯ ಕೆಲಸವೆಂದು ಅವನಿಗೆ ಹೊಳೆಯಲಿಲ್ಲ. ಹೇಗೂ ಆ ವಾರವೇ ಬಾಗೇವಾಡಿಯಲ್ಲಿ ಹೊಸ ಸಿಸ್ಟಮ್ಮಿನ ಮೊದಲ ಪರೀಕ್ಷೆ ನಿಗದಿಯಾಗಿತ್ತು.

ಪರೀಕ್ಷೆಗೆ ನಲವತ್ತು ಚೀಲ. ಯಂತ್ರದ ಹೊಲಿಗೆ, ಮೇಲೆ ಬಾರ್‌ಕೋಡಿನ ಚೀಟಿ, ‘ತೊಗರಿ, ದರ್ಜೆ ಎ’. ಧೂಳಪ್ಪ ಚೀಲದ ಬಾಯಿ ತಡವಿದ. ಗಂಟು ಸಿಗಲಿಲ್ಲ.

“ಇದಕ್ಕ ಎಷ್ಟು ನೀರ್ರಿ ಸಾಹೇಬ್ರ?”

“ಎಲ್ಲಾ ಎ ದರ್ಜೆ. ಒಂದ ಅಳತಿ ಬಿಡ್ರಿ,” ಎಂದ ತಬ್ರೇಜ.

ನಾಲ್ಕನೆಯ ದಿನ ಯಂತ್ರದ ಬಾಯಿಂದ ಬಿದ್ದದ್ದರಲ್ಲಿ ಅರ್ಧಕ್ಕರ್ಧ ನುಚ್ಚು. ವೆಂಕಟೇಶ ದೇಸಾಯರು ಬೊಗಸೆಯಲ್ಲಿ ಹಿಡಿದು ನೋಡಿದರು. ಸಿಟ್ಟು ಬಂದಾಗ ಅವರಿಗೆ ಮರಾಠಿ ಮೊದಲು ಬರುತ್ತಿತ್ತು. “ಅರೇ ದೇವಾ! ಇದು ಕೋಳಿಗೆ ಹಾಕಾಕೂ ಸಣ್ಣದಾತು. ಯಾರದಿದು ತಪ್ಪು? ಧೂಳಪ್ಪಂದೋ, ಸಿಂದಗಿಯವ್ರದೋ?”

ಪಟ್ಟಿ ಪರಿಶೀಲನೆಗೆಂದು ಕರೆಸಿದ್ದ ನಸ್ರೀನ ಕಂಬದ ಪಕ್ಕ ನಿಂತಿದ್ದಳು. ತಬ್ರೇಜ ಮುಂದೆ ಬಂದ.

“ನನ್ನದ್ರಿ. ಸಿಂದಗಿಯವ್ರು ಮೊದಲ ಹೇಳಿದ್ರು. ನಾ ಕೇಳಿ ಭೇಷ್ ಅಂದೆ, ತಿದ್ದಲಿಲ್ಲ.”

ಕಂಬದ ಕಡೆಯಿಂದ ಒಂದು ನೋಟ ಬಂತು. ಅದರಲ್ಲಿ ಕೋಪವಿರಲಿಲ್ಲ. ಆ ನೋಟ ಅವನ ಮುಖದ ಮೇಲೆ ಎಷ್ಟು ಹೊತ್ತು ನಿಂತಿತೆಂದರೆ, ದೇಸಾಯರು ಬೈದ ಉಳಿದ ಮಾತು ಅವನ ಕಿವಿಗೇ ಬೀಳಲಿಲ್ಲ.

ಯೋಜನೆ ಬದಲಾಯಿತು. ನೂರಾ ಮೂವತ್ತೇಳನ್ನೂ ಒಂದೊಂದಾಗಿ ಬರೆದುಕೊಳ್ಳಬೇಕು, ಗೋದಾಮು ಗೋದಾಮಿಗೆ ಹೋಗಿ ದಾಸ್ತಾನಿಗೆ ತಾಳೆ ನೋಡಬೇಕು. ಕಂಪನಿಯ ಜೀಪು ಸಿಕ್ಕಿತು. ಖಾಜಾಸಾಬರು ತಾವೂ ಬರುತ್ತೇವೆಂದರು. ಹಳೆಯ ಗೋದಾಮುಗಳನ್ನು ನೋಡುವ ಆಸೆ ಎಂದರು. ಹಳೆಯ ಗೋದಾಮಿನ ಆಸೆ ಎಷ್ಟು, ಹೊಸ ಇಂಜಿನಿಯರನ ಮೇಲಿನ ಕಣ್ಣು ಎಷ್ಟು ಎಂಬುದನ್ನು ಯಾರೂ ಕೇಳಲಿಲ್ಲ. ಮುಂದಿನ ಸೀಟಿನಲ್ಲಿ ಕೂತು, ಊರು ದಾಟುವ ಮೊದಲೇ ಗೊರಕೆ ಹೊಡೆದರು.

ಸೋಮವಾರ ಇಂಡಿ. ಲಚ್ಯಾಣದ ಹತ್ತಿರ ನಸ್ರೀನ ಇದ್ದಕ್ಕಿದ್ದಂತೆ ಜೀಪು ನಿಲ್ಲಿಸಿದಳು. ರಸ್ತೆಯ ಪಕ್ಕ ತೊಗರಿ ಆಳೆತ್ತರ ಬೆಳೆದು ಹಳದಿ ಹೂವಿನ ಜೊತೆ ಕಾಯಿ ಹೊತ್ತು ನಿಂತಿತ್ತು. ಅವಳು ಹೊಲದೊಳಗೆ ನಾಲ್ಕು ಹೆಜ್ಜೆ ಇಟ್ಟು ಕಪ್ಪು ಮಣ್ಣನ್ನು ಮುಟ್ಟಿ ನೋಡಿದಳು.

“ಆರು ವರ್ಷಾತು, ಈ ಊರಿನ ಕಾಳು ಕಡಿಯಾಕತ್ತು,” ಎಂದಳು. “ಊರು ನೋಡಿದ್ದು ಇವತ್ತ. ಖರೇನ ಹೇಳ್ರಿ, ಇಷ್ಟು ಚಂದ ಐತಿ ಅಂತ ನೀವಾದ್ರೂ ಯಾಕ ಹೇಳಲಿಲ್ಲ?”

“ನಾನೂ ಇವತ್ತ ನೋಡಾಕತ್ತೇನಿ,” ಎಂದ ತಬ್ರೇಜ. ಅವನು ನೋಡುತ್ತಿದ್ದದ್ದು ಹೊಲವನ್ನಲ್ಲ.

ಅವಳಿಗೆ ಗೊತ್ತಾಯಿತು. ದುಪಟ್ಟಾದ ಅಂಚಿಗೆ ಹತ್ತಿದ ಹೂವಿನ ಪುಡಿಯನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಒರೆಸಿಕೊಂಡಳು.

ಮಂಗಳವಾರ ಸಿಂದಗಿ, ಬುಧವಾರ ಮುದ್ದೇಬಿಹಾಳ. ಅವಳು ಕಡಿದು ಹೇಳುವಳು, ಅವನು ಎಕ್ಸೆಲ್ಲಿನಲ್ಲಿ ತುಂಬುವನು. ಅವಳ ತಲೆಯೊಳಗೆ ನಾಲ್ಕು ತಾಲೂಕು ಇತ್ತು. ಯಾವ ಊರಿನ ಹೊಲ ಇಳಿಜಾರು, ಎಲ್ಲಿ ಸುಣ್ಣಗಲ್ಲು, ಎಲ್ಲಿ ಮಳೆ ತಡವಾಗಿ ಬಂತು, ಎಲ್ಲವೂ ಒಂದು ಕಾಳಿನ ಸದ್ದಿನಲ್ಲಿ ಅವಳಿಗೆ ಕೇಳುತ್ತಿತ್ತು. ತಬ್ರೇಜ ಬರೆಯುತ್ತ ಬರೆಯುತ್ತ ನಡುವೆ ಕೈ ನಿಲ್ಲಿಸಿ ಸುಮ್ಮನೆ ಕೂತುಬಿಡುತ್ತಿದ್ದ. ಇಷ್ಟು ದಿನ ತಾನು ‘ಮಾಹಿತಿ’ ಎಂದು ಕರೆದದ್ದು ಏನು ಮತ್ತೆ ಎಂದು ನಾಚಿಕೆಯಾಗುತ್ತಿತ್ತು.

“ಸಾಲು ತೊಂಬತ್ತೇಳು. ಹೇಳ್ರಿ,” ಎಂದ ಬುಧವಾರ ಸಂಜೆ.

ಕೈಯಲ್ಲಿದ್ದ ಕಾಳನ್ನು ತಟ್ಟೆಗೆ ಹಾಕಿದಳು.

“ಇನ್ನ ನಲವತ್ತೊಂದು ಉಳದಾವ. ಇಲ್ಲಿಗೆ ಸಾಕ್ರಿ.”

“ದಣಿವಾತೇನು? ನಾಳೆ...”

“ನಾಳೇನೂ ಇಲ್ಲ. ಒಂದ ಮಾತು ಖರೆ ಹೇಳ್ರಿ ತಬ್ರೇಜ. ಎಲ್ಲಾ ಬರಕೊಂಡ ಮ್ಯಾಲೆ, ಆ ಸಿಸ್ಟಮ್ ಊರಿನ ಹೆಸರು ನೋಡಿ ಗಂಟು ತಾನ ಹೇಳತೈತಿ. ಹೌದಿಲ್ಲೋ?”

“ಹೌದು.”

“ಆಮ್ಯಾಲೆ ನಾ ಯಾಕ ಬೇಕು?”

ಮೊದಲ ಸಲ ಹೆಸರು ಹಿಡಿದು ಕರೆದದ್ದು ಇಂಥ ಪ್ರಶ್ನೆಯ ಜೊತೆ ಬರಬೇಕೇ? ತಬ್ರೇಜ ಸುಳ್ಳು ಹೇಳಬಹುದಿತ್ತು. ಹಿಂದಿನ ಹನ್ನೊಂದು ಕಂಪನಿಗಳಲ್ಲಿ ಹೇಳಿದ್ದ. ‘ಯಾರ ಕೆಲಸವೂ ಹೋಗುವುದಿಲ್ಲ’ ಎಂಬ ಸ್ಲೈಡ್ ಸಿದ್ಧವಾಗಿಯೇ ಇತ್ತು. ಅವಳ ಮುಂದೆ ಆ ಸುಳ್ಳು ಬಾಯಿಗೆ ಬರಲಿಲ್ಲ.

“ಗೊತ್ತಿಲ್ಲ,” ಎಂದ.

“ನನಗ ಗೊತ್ತೈತಿ,” ಎಂದಳು. ಧ್ವನಿ ಸಣ್ಣಗಾಗಿತ್ತು. “ಹೇಳದಿದ್ರ ಮಿಲ್ಲು ಕೆಡತೈತಿ. ಹೇಳಿದ್ರ ನಾ ಕೆಡತೇನಿ. ನೀವು ಎದುರಿಗೆ ಕೂತು ಕೇಳಿದ್ರ ನನಗ ಇಲ್ಲ ಅನ್ನಾಕ ಆಗಂಗಿಲ್ಲ. ಅದಕ್ಕ ಕೇಳಬ್ಯಾಡ್ರಿ.”

ಅಷ್ಟು ಹೇಳಿ ಎದ್ದು ಹೋದಳು. ಇಲ್ಲ ಅನ್ನಲು ಆಗದು ಎಂಬ ಮಾತಿನ ಸಿಹಿಯನ್ನು ಅನುಭವಿಸುವ ಧೈರ್ಯವೂ ಅವನಿಗೆ ಉಳಿದಿರಲಿಲ್ಲ.

ಗುರುವಾರ ಜೀಪಿನಲ್ಲಿ ತಬ್ರೇಜ ಲ್ಯಾಪ್‌ಟಾಪ್ ತೆರೆಯಲಿಲ್ಲ. ಬಾಗೇವಾಡಿ ದಾಟಿ ಮುಳವಾಡದ ರೈತರ ಮನೆಯಲ್ಲಿದ್ದ ದಾಸ್ತಾನು ನೋಡಿ ಬರಬೇಕಿತ್ತು. ಕಾಲುವೆಯ ಹತ್ತಿರ ಖಾಜಾಸಾಬರು ಎಚ್ಚರಗೊಂಡು ಕೈಕಾಲು ತೊಳೆಯುತ್ತೇನೆಂದು ಇಳಿದರು. ತಬ್ರೇಜನೂ ಇಳಿದ. ನಸ್ರೀನ ಜೀಪಿನಲ್ಲೇ ಕೂತಳು.

ಬರಡು ದಿಬ್ಬದ ನಡುವೆ ನೀರು ತುಂಬಿ ಹರಿಯುತ್ತಿತ್ತು. ಕೆಳಗೆಲ್ಲೋ ಇದ್ದ ನದಿಯನ್ನು ಪಂಪು ಹಚ್ಚಿ ಇಷ್ಟು ಎತ್ತರಕ್ಕೆ ಏರಿಸಿದ್ದರು. ಮುದುಕರು ಅದನ್ನು ಮಸೀದಿಯ ಮುಂದೆ ನಿಂತಷ್ಟೇ ವಿನಯದಿಂದ ನೋಡಿದರು.

“ನನ್ನ ಕಾಲಕ್ಕ ಈ ಊರಿನ ತೊಗರಿಗೆ ನಾಕು ಗಂಟು, ತಮ್ಮಾ. ಕಡದ್ರ ತಲಿಗೆ ಕೇಳಿಸ್ತಿತ್ತು. ನನ್ನ ಎರಡು ಹಲ್ಲು ಇದ ಊರಿನ ಪಾಲಾಗ್ಯಾವ.”

“ಈಗ ಒಂದು ಗಂಟು ಅಂತ ನಸ್ರೀನ ಬರಸ್ಯಾಳ.”

“ನೀರು ಬಂತಲ್ಲ. ಮಣ್ಣ ಬದಲಾತು, ಕಾಳೂ ಬದಲಾತು. ಮುಂದಿನ ವರ್ಷ ಏನಾಗತೈತೋ. ಹೋದ ವರ್ಷದ ಗಂಟು ಈ ವರ್ಷ ನಡಿಯಂಗಿಲ್ಲ. ವರ್ಷಾ ವರ್ಷಾ ಕಡೀಬೇಕು, ಚೀಲ ಚೀಲ ಕಡೀಬೇಕು.” ನಕ್ಕರು. ಬಾಯಿ ಪೂರಾ ಖಾಲಿಯಿತ್ತು. “ಭೂಮಿ ಸುಮ್ನ ಕೂಡಂಗಿಲ್ಲಪ.”

ತಬ್ರೇಜ ಕಾಲುವೆಯ ದಂಡೆಯಲ್ಲಿ ಕೂತುಬಿಟ್ಟ. ತೊಂಬತ್ತಾರು ಸಾಲು ಬರೆದಿದ್ದ, ಒಂದೊಂದನ್ನೂ ಶಾಶ್ವತವೆಂದು ಬರೆದಿದ್ದ. ಅವಳ ತಲೆಯಲ್ಲಿ ಇದ್ದದ್ದು ಒಂದು ಪಟ್ಟಿ ಎಂದು ತಿಳಿದದ್ದೇ ತಪ್ಪು. ನಾಲ್ಕು ತಾಲೂಕಿನ ನೆಲ ವರ್ಷಾ ವರ್ಷಾ ಬದಲಾಗುತ್ತಿತ್ತು, ಅದನ್ನು ಪ್ರತಿ ವರ್ಷ ಹೊಸದಾಗಿ ಕೇಳಿಸಿಕೊಳ್ಳುವವಳು ಒಬ್ಬಳಿದ್ದಳು. ಪಟ್ಟಿಯನ್ನು ಒಯ್ಯಬಹುದು. ಕೇಳಿಸಿಕೊಳ್ಳುವುದನ್ನು ಯಾವ ಸಿಸ್ಟಮ್ಮಿಗೂ ಒಯ್ಯಲಾಗದು.

ಅವನು ಅಲ್ಲೇ, ಮೊಣಕಾಲ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಯೋಜನೆಯನ್ನು ಮೊದಲಿನಿಂದ ತಿದ್ದಿದ. ಗಂಟು ಊರಿನ ಹೆಸರಿಗೆ ಅಂಟುವುದಲ್ಲ. ಬಂದ ಪ್ರತಿ ಲೋಡಿಗೂ ಹೊಸದಾಗಿ ನೋಡಿ ತುಂಬಬೇಕು. ತುಂಬದೆ ಒಂದು ಚೀಲವೂ ಮಿಲ್ಲಿಗೆ ಹೋಗುವಂತಿಲ್ಲ. ತುಂಬುವ ಅಧಿಕಾರ ನಾಲ್ಕೂ ಊರಿಗೆ ಸೇರಿ ಒಬ್ಬರಿಗೆ, ಅವರ ಕೈಕೆಳಗೆ ಕಲಿಯಲು ಊರಿಗೊಬ್ಬರು. ಹಳೆಯ ನೂರಾ ಮೂವತ್ತೇಳು ಸಾಲುಗಳು ಹೋಗುವುದು ಆಜ್ಞೆಯಾಗಿ ಅಲ್ಲ, ಹಿಂದೆ ಹೀಗಿತ್ತು ಎಂಬ ನೆನಪಾಗಿ.

‘ಅಧಿಕಾರ ಯಾರದು’ ಎಂಬ ಕಾಲಮ್ಮಿನಲ್ಲಿ ಹೆಸರು ಟೈಪ್ ಮಾಡಲು ಹೋಗಿ ತಡೆದ. ಒಮ್ಮೆ ಅವಳನ್ನು ಕೇಳದೆ ಒರೆಸಿದ್ದ. ಈಗ ಕೇಳದೆ ಬರೆಯುವುದೂ ಅದೇ ಜಾತಿಯ ತಪ್ಪು. ಎದ್ದು ಜೀಪಿನ ಹತ್ತಿರ ಹೋಗಿ, ತೆರೆದ ಲ್ಯಾಪ್‌ಟಾಪನ್ನು ಅವಳ ಮಡಿಲಿಗಿಟ್ಟ.

“ಓದ್ರಿ. ಈ ಖಾಲಿ ಜಾಗಾದಾಗ ನಿಮ್ಮ ಹೆಸರು ಹಾಕಲೇನು?”

ಅವಳು ಓದಿದಳು. ಮತ್ತೊಮ್ಮೆ ಓದಿದಳು. ಕಣ್ಣೆತ್ತಿದಾಗ ರೆಪ್ಪೆ ಒದ್ದೆಯಾಗಿತ್ತು, ಬಾಯಿ ಮಾತ್ರ ಹಳೆಯದೇ.

“ದೇಸಾಯರು ಒಪ್ಪತಾರಂತ ಯಾರು ಹೇಳಿದ್ರು?”

“ಒಪ್ಪದಿದ್ರ ಈ ಯೋಜನಿ ನಾ ಮಾಡಂಗಿಲ್ಲ ಅಂತ ಹೇಳ್ತೇನಿ.”

“ಹೊಟ್ಟೀಪಾಡು?”

“ಹನ್ನೊಂದು ಕಂಪನಿ ನೋಡೇನಿ. ಹನ್ನೆರಡನೇದರಾಗ ಒಮ್ಮೆ ಸರಿಯಾಗಿ ಕೆಲಸ ಮಾಡ್ತೇನಿ.”

ದೇಸಾಯರು ಮರಾಠಿಯಲ್ಲೂ ಕನ್ನಡದಲ್ಲೂ ಕೂಗಾಡಿದರು. ಎರಡು ವಾರ ತಡ ಎಂದರೆ ಸುಮ್ಮನೆಯೇ? ಆದರೆ ನುಚ್ಚಿನ ಚೀಲಗಳು ಅಂಗಳದಲ್ಲೇ ಸಾಲಾಗಿ ಕೂತಿದ್ದವು. ಅವನ್ನು ನೋಡಿ ನೋಡಿ ಕೊನೆಗೆ ಸಹಿ ಹಾಕಿದರು. ಅದೇ ವಾರ ನಸ್ರೀನ ಉಳಿದ ನಲವತ್ತೊಂದನ್ನೂ ಒಂದೇ ಬೈಠಕ್ಕಿನಲ್ಲಿ ಹೇಳಿ ಮುಗಿಸಿದಳು.

ಜನವರಿಯ ಮೂರನೆಯ ಸೋಮವಾರ ಹಳೆಯ ಸಾಫ್ಟ್‌ವೇರ್ ಬಂದ್ ಆಯಿತು. ಬಾಗೇವಾಡಿಯ ಮಿಲ್ಲಿಗೆ ಮುದ್ದೇಬಿಹಾಳದ ಹೊಸ ತೊಗರಿಯ ಮೊದಲ ಲೋಡು ಬಂದು ನಿಂತಿತು. ಪರದೆಯ ಮೇಲೆ ಕೆಂಪು ಅಕ್ಷರ, ‘ಗಂಟು ತುಂಬಿಲ್ಲ. ಬಿಡುವಂತಿಲ್ಲ.’ ದೇಸಾಯರು, ಧೂಳಪ್ಪ, ಹಮಾಲರು, ಮೂರು ಊರಿಂದ ವಿಡಿಯೊದಲ್ಲಿ ಇಣುಕುತ್ತಿದ್ದ ಸಿಬ್ಬಂದಿ, ಎಲ್ಲರೂ ಉಸಿರು ಹಿಡಿದು ಒಬ್ಬ ಹುಡುಗಿಯ ಹಲ್ಲಿನ ಸದ್ದಿಗೆ ಕಾದರು.

ಕಟ್.

“ಹೋದ ವರ್ಷ ನಾಕಿತ್ತು,” ಎಂದಳು ನಸ್ರೀನ. ಇನ್ನೊಂದು ಕಾಳು ಕಡಿದಳು. ಕಣ್ಣು ಮುಚ್ಚಿದಳು. “ಈ ವರ್ಷ ಮೂರು.”

ತಾನೇ ಟೈಪ್ ಮಾಡಿದಳು. ಕೆಂಪು ಹೋಗಿ ಹಸಿರು ಬಂತು. ಪರದೆಯ ಮೇಲೆ ಮೂರು ದೊಡ್ಡ ಗಂಟಿನ ಚಿತ್ರ ಮೂಡಿತು. ಅದನ್ನು ತಬ್ರೇಜ ಧೂಳಪ್ಪನಿಗಾಗಿಯೇ ಹಾಕಿಸಿದ್ದ. ಧೂಳಪ್ಪ ಗಾಜಿನ ಮೇಲೆ ಬೆರಳಿಟ್ಟು ಒಂದು, ಎರಡು, ಮೂರು ಎಣಿಸಿ, ನೀರು ಬಿಟ್ಟ.

ಗುರುವಾರ ಮಧ್ಯಾಹ್ನ ಬೇಳೆ ಬಿತ್ತು. ಒಂದೂ ಮುಕ್ಕಾಗದ, ದುಂಡನೆಯ, ಅರಿಸಿನದ ಬಣ್ಣದ ಬೇಳೆ, ಯಂತ್ರದ ಬಾಯಿಂದ ಬೆಚ್ಚಗೆ ಸುರಿಯುತ್ತಲೇ ಇತ್ತು. ದೇಸಾಯರು ಟೋಪಿ ತೆಗೆದರು. ಧೂಳಪ್ಪ ಕೈಮುಗಿದ. ತಬ್ರೇಜ ಬೊಗಸೆಯೊಡ್ಡಿ ನಿಂತ. ನಾಲ್ಕು ತಾಲೂಕಿನ ಮಣ್ಣು, ಮಳೆ, ಕಾಲುವೆ, ಒಬ್ಬ ಮುದುಕನ ಉದುರಿದ ಹಲ್ಲು, ಅವನ ಮಗಳ ಕಿವಿ, ಇಷ್ಟೂ ಸೇರಿ ಮನೆಮನೆಯ ಸಾರಿಗೆ ಬೀಳುವ ಒಂದು ಹಿಡಿ ಬೇಳೆ ಆಗುತ್ತದೆ ಎಂಬುದು ಅವನಿಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ.

ಜನ ಚದುರಿದ ಮೇಲೆ ಅವನು ಲ್ಯಾಪ್‌ಟಾಪ್ ಮುಚ್ಚಿ, ವೈರು ಸುತ್ತತೊಡಗಿದ. ನಸ್ರೀನ ಬಂದು ಎದುರಿಗೆ ನಿಂತಳು.

“ಮುಂದ?”

“ಮುಂದೇನೈತ್ರಿ. ಯೋಜನಿ ಸರಿಯಾತು ಅಂದ್ರ ಯೋಜನಿ ಮಾಡಿದಾವ ಬ್ಯಾಡಾಗ್ತಾನ. ನೀವು ಉಳಿದ್ರಿ, ನಾ ಹೊಂಟೆ.” ನಗಲು ನೋಡಿದ, ಆಗಲಿಲ್ಲ. ವೈರನ್ನು ಮೇಜಿನ ಮೇಲಿಟ್ಟ. “ನಸ್ರೀನ, ನನಗ ಹೋಗಾಕ ಮನಸ್ಸಿಲ್ಲ. ಸಿಂದಗಿಯೊಳಗ ನೀವು ಗೋಡಿ ಕಡೆ ಮಾರಿ ಮಾಡಿ ಕೈ ಚಾಚಿದ್ರಲ್ಲ, ಅವತ್ತಿಂದ ಇಲ್ಲ. ನಿಮ್ಮನ್ನ ನೋಡಿದ್ರ ನನಗ ಮೊದಲು ಬೆರಗು, ಆಮ್ಯಾಲೆ ಪ್ರೀತಿ, ಆಮ್ಯಾಲೆ ಮತ್ತ ಬೆರಗು. ಇಷ್ಟ ಹೇಳಬೇಕಾಗಿತ್ತು.”

ನಸ್ರೀನ ಕಾಳು ಕಡಿದಾಗ ಕಣ್ಣು ಮುಚ್ಚುವಂತೆಯೇ ಕಣ್ಣು ಮುಚ್ಚಿದಳು.

“ನಮ್ಮ ಮನ್ಯಾಗ ಅಡಿಗಿ ಅಪ್ಪ ಮಾಡ್ತಾನ,” ಎಂದಳು ಕೊನೆಗೆ. “ಗಾಡಿ ನಾ ಹೊಡೀತೇನಿ. ಕಂಪ್ಯೂಟರ್ ಕೆಟ್ರ ರಿಪೇರಿನೂ ಬರತೈತಿ. ನಾಕೂ ಊರಿನ ಕೆಲಸ ಈಗ ನನ್ನ ಕೈಯಾಗೈತಿ. ಯೋಚನಿ ಮಾಡಿ ನೋಡಿದೆ. ಯಾವುದಕ್ಕೂ ನೀವು ಬ್ಯಾಡ.”

ತಬ್ರೇಜ ಮೇಜಿನ ಮೇಲಿನ ವೈರನ್ನು ಮತ್ತೆ ಕೈಗೆತ್ತಿಕೊಂಡ.

“ಯಾವ ಕೆಲಸಕ್ಕೂ ಬ್ಯಾಡ,” ಎಂದಳು ಅವಳು, ಕಣ್ಣು ತೆರೆದು, ಅವನನ್ನೇ ನೋಡುತ್ತ. “ಆದ್ರೂ ನನಗ ನೀವು ಬೇಕು.”

ಅವಳ ಕೆನ್ನೆ ಕಿವಿಯವರೆಗೆ ಕೆಂಪಾಗಿತ್ತು. ಆದರೂ ನೋಟ ಕದಲಿಸಲಿಲ್ಲ.

“ಶುಕ್ರವಾರ ನಮಾಜ್ ಮುಗಿದ ಮ್ಯಾಲೆ ಅಪ್ಪ ಮನ್ಯಾಗ ಇರ್ತಾನ. ನಿಮ್ಮ ಅಮ್ಮನ್ನ ಕರಕೊಂಡು ಬರ್ರಿ.”

ತಬ್ರೇಜ ಯಾವ ಶುಕ್ರವಾರ ಎಂದು ಕೇಳಲಿಲ್ಲ. ನಾಳೆಯೇ ಶುಕ್ರವಾರವಾಗಿತ್ತು.